ಮೋಡದೊಳಗೆ 178 ಸೆಕೆಂಡು



ಕಳೆದ ದೀಪಾವಳಿಯ ಮರುದಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ನಾನೊಂದು ವಿಮಾನವನ್ನು ನೆಲಕ್ಕೆ ಅಪ್ಪಳಿಸಿದೆ. ಗಾಬರಿಯಾಗಬೇಡಿ. ವಿಮಾನವಿದ್ದುದು ಲ್ಯಾಪ್‌ಟಾಪಿನ ಪರದೆಯೊಳಗೆ. ಪಕ್ಕದಲ್ಲಿ ಕುಳಿತು ಕೋಡುಬಳೆ ಮೆಲ್ಲುತ್ತ ನನ್ನ ಅವಸಾನವನ್ನು ನೋಡುತ್ತಿದ್ದವನು 1996ನೇ ಸಾಲಿನ ಎಸ್ಸೆಸ್ಸೆಲ್ಸಿ ತಂಡದ ನನ್ನ ಶಿಷ್ಯ. ಹೆಸರು ಬರೆಯಬಾರದೆಂದು ಮಾತು ತೆಗೆದುಕೊಂಡಿದ್ದಾನೆ. ಆ ತಂಡದವರಿಗೆ ಹೇಗೂ ತಿಳಿದುಹೋಗುತ್ತದೆ. ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಆತ, ಐದಾರು ವರ್ಷಗಳ ಹಿಂದೆ ಖಾಸಗಿ ಪೈಲಟ್ ಪರವಾನಗಿ ಪಡೆದು, ನಾಲ್ಕು ಸೀಟಿನ ಪುಟ್ಟ ವಿಮಾನವನ್ನು ಬಾಡಿಗೆಗೆ ಹಿಡಿದು, ಭಾನುವಾರಗಳಂದು ಹೆಂಡತಿ ಮಗಳನ್ನು ಕೂರಿಸಿಕೊಂಡು ಹಾರುತ್ತಾನೆ. ನಮ್ಮಲ್ಲಿ ಸ್ಕೂಟರಿನಲ್ಲಿ ಸಂಸಾರವನ್ನು ಕೂರಿಸಿಕೊಂಡು ಜೋಗಕ್ಕೆ ಹೋಗಿಬಂದ ಹಾಗೆ.

"ಸರ್, ನೀವೇ ಹಾರಿಸಿ ನೋಡಿ" ಎಂದು ಜಾಯ್‌ಸ್ಟಿಕ್ ಕೈಗಿತ್ತ. ಇಲಿನಾಯ್ ವಿಶ್ವವಿದ್ಯಾಲಯದ್ದೇ ಆದ ವಿಲ್ಲರ್ಡ್ ವಿಮಾನ ನಿಲ್ದಾಣದಿಂದ ಮೇಲೆದ್ದೆ. ಕೆಳಗೆ ಚದುರಂಗದ ಮಣೆಯಂಥ ಜೋಳದ ಹೊಲಗಳು, ಎದುರಿಗೆ ಗೆರೆ ಎಳೆದಂಥ ದಿಗಂತ. ಅರವತ್ತು ದಾಟಿದ ಮುದುಕನಿಗೆ ಇದೇನು ಮಹಾ ವಿದ್ಯೆ ಎಂದು ಒಳಗೊಳಗೇ ಹಿಗ್ಗಿದೆ. ಅಷ್ಟರಲ್ಲಿ ಆತ ಸದ್ದಿಲ್ಲದೆ ಏನೋ ಒತ್ತಿದ. ಪರದೆ ಬಿಳಿಯಾಯಿತು. ದಿಗಂತವಿಲ್ಲ, ಹೊಲವಿಲ್ಲ, ಮೇಲಿಲ್ಲ, ಕೆಳಗಿಲ್ಲ. "ಏನೂ ಮಾಡಬೇಡಿ ಸರ್, ನೇರ ಹೋಗಿ" ಎಂದ. ನಾನು ನೇರವಾಗಿಯೇ ಹೋಗುತ್ತಿದ್ದೆ, ಅಥವಾ ಹಾಗೆಂದು ನಂಬಿದ್ದೆ. ಎಂಜಿನ್ನಿನ ಸದ್ದು ಏರಿತು. ಎತ್ತರ ತೋರುವ ಮುಳ್ಳು ಗರಗರ ಇಳಿಯತೊಡಗಿತು. ಕಂಗಾಲಾಗಿ ಹಿಡಿಯನ್ನು ನನ್ನತ್ತ ಎಳೆದೆ. ಮುಳ್ಳು ಇನ್ನೂ ಜೋರಾಗಿ ತಿರುಗಿತು. ಮೋಡ ಹರಿದು ಒಂದು ಕ್ಷಣ ಜೋಳದ ಹೊಲ ಓರೆಯಾಗಿ ಕಂಡಿತು, ಅಷ್ಟೆ.

"ಒಂದು ನಿಮಿಷ ನಲವತ್ತು ಸೆಕೆಂಡು" ಎಂದ ಗಡಿಯಾರ ನೋಡಿ. "ಸರಾಸರಿಗಿಂತ ಸ್ವಲ್ಪ ಕಡಿಮೆ ಸರ್."

ಆ ಸರಾಸರಿಯ ಕಥೆಯೇ ಈ ಬರಹಕ್ಕೆ ಕಾರಣ. ಅದೇ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1954ರಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಉಪಕರಣಗಳನ್ನು ನೋಡಿ ಹಾರುವ ಅನುಭವವಿಲ್ಲದ 20 ಮಂದಿಯನ್ನು ಒಬ್ಬೊಬ್ಬರಂತೆ, ಪಕ್ಕದಲ್ಲಿ ಶಿಕ್ಷಕನನ್ನಿಟ್ಟುಕೊಂಡು, ಬೀಚ್‌ಕ್ರಾಫ್ಟ್ ಬೊನಾಂಜಾ ಎಂಬ ನಿಜವಾದ ವಿಮಾನದಲ್ಲಿ ಮೇಲಕ್ಕೆ ಒಯ್ದು, ಹೊರಗಿನ ನೋಟವನ್ನು ಮರೆಮಾಡಿದರು. ಇಪ್ಪತ್ತಕ್ಕೆ ಇಪ್ಪತ್ತು ಮಂದಿಯೂ ವಿಮಾನದ ಹಿಡಿತ ಕಳೆದುಕೊಂಡರು. ಹತ್ತೊಂಬತ್ತು ಮಂದಿ ಸುರುಳಿ ಸುತ್ತುತ್ತ ನೆಲದತ್ತ ಇಳಿದರು. ಒಬ್ಬ ಮಾತ್ರ ಮೂತಿಯನ್ನು ತೀರಾ ಮೇಲೆತ್ತಿ ವೇಗವನ್ನೇ ಕಳೆದುಕೊಂಡ. ಬೇಗ ಸೋತವನಿಗೆ ಹಿಡಿದದ್ದು 20 ಸೆಕೆಂಡು, ಬಹಳ ಹೊತ್ತು ತಾಳಿದವನಿಗೆ 480. ಸರಾಸರಿ 178 ಸೆಕೆಂಡು. ಮೂರು ನಿಮಿಷಕ್ಕೆ ಎರಡು ಸೆಕೆಂಡು ಕಡಿಮೆ. ಶಿಕ್ಷಕರು ಪಕ್ಕದಲ್ಲಿ ಇಲ್ಲದಿದ್ದರೆ ಅದೇ ಅವರ ಉಳಿದ ಆಯುಷ್ಯ.

ಹೀಗೇಕಾಗುತ್ತದೆ ಎಂಬುದನ್ನು ಒಂಬತ್ತನೇ ತರಗತಿಯಲ್ಲಿ ನನ್ನ ಕೈಕೆಳಗೆ ಓದಿದವರು ಮರೆತಿರಲಾರಿರಿ. ಒಳಕಿವಿಯ ಪಾಠ ಮಾಡುವಾಗ ಮುಖ್ಯೋಪಾಧ್ಯಾಯರ ಕೊಠಡಿಯ ತಿರುಗುವ ಕುರ್ಚಿಯನ್ನು, ಅವರು ತಾಲ್ಲೂಕು ಕಚೇರಿಗೆ ಹೋದ ಸಮಯ ನೋಡಿ, ತರಗತಿಗೆ ಎಳೆದುಕೊಂಡು ಬರುತ್ತಿದ್ದೆ. ಒಬ್ಬ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ, ನಿಧಾನವಾಗಿ ಒಂದೇ ವೇಗದಲ್ಲಿ ತಿರುಗಿಸುವುದು. ಯಾವ ಕಡೆಗೆ ತಿರುಗುತ್ತಿದ್ದೇನೆಂದು ಆತ ಹೆಬ್ಬೆರಳಿನಲ್ಲಿ ತೋರಿಸುವುದು. ಮೊದಲು ಸರಿಯಾಗಿಯೇ ತೋರಿಸುತ್ತಿದ್ದ. ಇಪ್ಪತ್ತು ಸೆಕೆಂಡು ಕಳೆಯುವಷ್ಟರಲ್ಲಿ ಹೆಬ್ಬೆರಳು ನೆಟ್ಟಗಾಗುತ್ತಿತ್ತು: ತಿರುಗುವುದು ನಿಂತಿದೆ ಎಂಬ ಭಾವನೆ. ನಾನು ಕುರ್ಚಿಯನ್ನು ನಿಜವಾಗಿ ನಿಲ್ಲಿಸಿದೊಡನೆ ಹೆಬ್ಬೆರಳು ವಿರುದ್ಧ ದಿಕ್ಕಿಗೆ ಬಾಗುತ್ತಿತ್ತು. ಇಡೀ ತರಗತಿ ಘೊಳ್ಳೆಂದು ನಗುತ್ತಿತ್ತು. ಒಮ್ಮೆ ಆ ನಗು ಜೋರಾಗಿಯೇ ಸಿಕ್ಕಿಬಿದ್ದೆನೆಂಬುದು ಬೇರೆ ಮಾತು. ಒಳಕಿವಿಯ ಮೂರು ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವ ತಿರುಗುವಿಕೆಯ ಬದಲಾವಣೆಯನ್ನಷ್ಟೇ ಅರಿಯಬಲ್ಲುದು. ಒಂದೇ ವೇಗದ ತಿರುಗುವಿಕೆಗೆ ಅದು ಹೊಂದಿಕೊಂಡುಬಿಡುತ್ತದೆ. ನೆಲದ ಮೇಲೆ ಈ ಸುಳ್ಳನ್ನು ಕಣ್ಣು ತಿದ್ದುತ್ತದೆ. ಮೋಡದೊಳಗೆ ತಿದ್ದುವವರಿಲ್ಲ. ರೆಕ್ಕೆ ಒಂದು ಕಡೆಗೆ ವಾಲಿ ವಿಮಾನ ತಿರುಗುತ್ತಿದ್ದರೂ ಚಾಲಕನಿಗೆ ಸಮತಟ್ಟಾಗಿ ಹೋಗುತ್ತಿರುವಂತೆಯೇ ತೋರುತ್ತದೆ. ವಾಲಿದ ವಿಮಾನದ ಮೂತಿ ತಗ್ಗುತ್ತದೆ, ವೇಗ ಹೆಚ್ಚುತ್ತದೆ. ಆತ ನನ್ನ ಹಾಗೆಯೇ ಹಿಡಿಯನ್ನು ಎಳೆಯುತ್ತಾನೆ. ರೆಕ್ಕೆ ಸಮವಾಗದೆ ಎಳೆದರೆ ಸುರುಳಿ ಇನ್ನಷ್ಟು ಬಿಗಿಯಾಗುತ್ತದೆ. ಇನ್ನು ಯಾರಾದರೂ ರೆಕ್ಕೆಯನ್ನು ಸಮ ಮಾಡಿದರೋ, ಈಗ ಎದುರು ದಿಕ್ಕಿಗೆ ವಾಲಿದೆವೆಂದು ಒಳಕಿವಿ ಕೂಗುತ್ತದೆ. ಅದರ ಮಾತು ಕೇಳಿ ಮತ್ತೆ ಮೊದಲಿನಂತೆಯೇ ವಾಲಿಸುತ್ತಾರೆ. "ಆ ಕುರ್ಚಿಯಲ್ಲಿ ನನ್ನನ್ನು ಒಮ್ಮೆಯೂ ಕೂರಿಸಲಿಲ್ಲ ಸರ್ ನೀವು, ಬರೀ ಮುಂದಿನ ಬೆಂಚಿನವರನ್ನೇ ಕೂರಿಸಿದಿರಿ" ಎಂದು ಮೂವತ್ತು ವರ್ಷದ ಹಳೆಯ ದೂರನ್ನು ಆತ ಅಂದು ಹೊರತೆಗೆದ. ದೂರು ನ್ಯಾಯವಾದದ್ದೇ.

ಆಗುಂಬೆ ಘಾಟಿಯಲ್ಲಿ ಮಂಜು ಮುಸುಕಿದರೆ ಮಿನಿ ಬಸ್ಸಿನ ಚಾಲಕ ಬದಿಗೆ ನಿಲ್ಲಿಸಿ ಬೀಡಿ ಹಚ್ಚಬಹುದು. ವಿಮಾನಕ್ಕೆ ಬದಿಗೆ ನಿಲ್ಲುವ ಸೌಭಾಗ್ಯವಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕಣ್ಣಿನಿಂದ ಹೊರಗೆ ನೋಡಿಕೊಂಡಷ್ಟೇ ಹಾರಲು ಪರವಾನಗಿಯುಳ್ಳ ಖಾಸಗಿ ಪೈಲಟ್‌ಗಳಿಗೆ ಕೆಟ್ಟ ಹವಾಮಾನದ ಕಂಪ್ಯೂಟರ್ ಅಭ್ಯಾಸವನ್ನು ಕಡ್ಡಾಯ ಮಾಡಬೇಕು. ಪರವಾನಗಿ ಪಡೆಯುವಾಗ ಒಮ್ಮೆ ಮಾತ್ರವಲ್ಲ, ಮತ್ತೆ ಮತ್ತೆ. ಅಮೆರಿಕದ ನಿಯಮವನ್ನೇ ನೋಡಿ. ಖಾಸಗಿ ಪರವಾನಗಿಗೆ ಉಪಕರಣಗಳನ್ನು ಮಾತ್ರ ನೋಡಿ ಹಾರುವ ತರಬೇತಿ ಮೂರು ಗಂಟೆ ಆಗಿರಬೇಕು. ಹಣೆಗೆ ಮರೆ ಕಟ್ಟಿ, ಪಕ್ಕದಲ್ಲಿ ಶಿಕ್ಷಕರು ಕುಳಿತು, ಬಿಸಿಲಿನ ದಿನ ನಡೆಸುವ ಅಭ್ಯಾಸ ಅದು. ಆಮೇಲೆ 24 ತಿಂಗಳಿಗೊಮ್ಮೆ ಒಂದು ಪುನರ್ವಿಮರ್ಶೆಯಿದೆ: ಕನಿಷ್ಠ ಒಂದು ಗಂಟೆ ನೆಲದ ಪಾಠ, ಒಂದು ಗಂಟೆ ಹಾರಾಟ. ಅದರಲ್ಲಿ ಏನೇನು ಮಾಡಿಸಬೇಕೆಂಬುದು ಬಹುಮಟ್ಟಿಗೆ ಶಿಕ್ಷಕರ ವಿವೇಚನೆಗೆ ಬಿಟ್ಟದ್ದು. ಹತ್ತು ವರ್ಷದ ಹಿಂದೆ ಮೂರು ಗಂಟೆ ಮಾಡಿದ ಅಭ್ಯಾಸ ಇಂದಿನ ಮೋಡದಲ್ಲಿ ನೆನಪಿಗೆ ಬರಬೇಕೆಂದು ಬಯಸುವುದು, ಎಂಟನೇ ತರಗತಿಯಲ್ಲಿ ಮಾಡಿದ ಬೀಜಗಣಿತ ನಿಮಗೆ ಈಗ ನೆನಪಿದೆಯೇ ಎಂದು ಕೇಳಿದ ಹಾಗೆ. (ಯಾರೂ ಉತ್ತರಿಸಬೇಕಿಲ್ಲ.)

ಹಾಗೆ ನೋಡಿದರೆ ಈ ವಿದ್ಯೆ ಹುಟ್ಟಿದ್ದೇ ಕೆಟ್ಟ ಹವಾಮಾನಕ್ಕಾಗಿ. ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್‌ಟನ್ ಎಂಬ ಊರಿನಲ್ಲಿ ಪಿಯಾನೊ ಮತ್ತು ಆರ್ಗನ್ ವಾದ್ಯಗಳನ್ನು ತಯಾರಿಸುವ ಕಾರ್ಖಾನೆಯೊಂದಿತ್ತು. ಆ ಮನೆಯ ಮಗ ಎಡ್ ಲಿಂಕ್ ಎಂಬವರು ಆರ್ಗನ್ನಿಗೆ ಗಾಳಿಯೂದುವ ತಿದಿಗಳನ್ನೇ ಬಳಸಿ, ಕುಳಿತವನನ್ನು ವಾಲಿಸುವ ತಿರುಗಿಸುವ ಒಂದು ಪುಟ್ಟ ವಿಮಾನದ ಗೊಂಬೆಯನ್ನು 1929ರಲ್ಲಿ ರಚಿಸಿದರು. ನಮ್ಮ ಹಾರ್ಮೋನಿಯಂ ತಿದಿಯ ದೊಡ್ಡಣ್ಣನೆನ್ನಿ. ಮೊದಮೊದಲು ಅದನ್ನು ಕೊಂಡವರು ವಿಮಾನದವರಲ್ಲ, ಜಾತ್ರೆ ಮನರಂಜನೆಯ ಉದ್ಯಾನದವರು! 1934ರ ಚಳಿಗಾಲದಲ್ಲಿ ಅಮೆರಿಕದ ಸೇನೆಯ ವಾಯುದಳಕ್ಕೆ ಅಂಚೆ ಸಾಗಿಸುವ ಕೆಲಸ ಬಂತು. ಹಿಮ, ಮಂಜು, ಕತ್ತಲೆ. ಉಪಕರಣ ನೋಡಿ ಹಾರಲರಿಯದ ಯುವಕರು ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಸೇನಾಧಿಕಾರಿಗಳು ನ್ಯೂವಾರ್ಕ್ ನಿಲ್ದಾಣದಲ್ಲಿ ಲಿಂಕರಿಗಾಗಿ ಕಾಯುತ್ತಿದ್ದಾಗ ಹವಾಮಾನ ಕೆಟ್ಟಿತು. ಆತ ಬರಲಾರನೆಂದು ಅವರು ಹೊರಡುವ ಹೊತ್ತಿಗೆ ಲಿಂಕ್ ಆ ಮಬ್ಬಿನೊಳಗಿಂದಲೇ ಬಂದಿಳಿದರು. ಸೇನೆ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಲಕ್ಷಾಂತರ ವೈಮಾನಿಕರು ಆ ನೀಲಿ ಪೆಟ್ಟಿಗೆಯೊಳಗೆ ಕುಳಿತೇ ಕುರುಡು ಹಾರಾಟ ಕಲಿತರು.

ಇನ್ನೊಂದು ಸೋಜಿಗ ನೋಡಿ. ಇಂದು ಮನೆಮನೆಯ ಕಂಪ್ಯೂಟರಿನಲ್ಲಿರುವ ಫ್ಲೈಟ್ ಸಿಮ್ಯುಲೇಟರಿನ ಮೂಲವೂ ಆ 178 ಸೆಕೆಂಡಿನ ವಿಶ್ವವಿದ್ಯಾಲಯವೇ. ಬ್ರೂಸ್ ಆರ್ಟ್‌ವಿಕ್ ಎಂಬ ವಿದ್ಯಾರ್ಥಿ 1975ರಲ್ಲಿ ಅಲ್ಲಿ ಬರೆದ ಪ್ರಬಂಧದಿಂದ ಅದು ಬೆಳೆಯಿತು; 1982ರಲ್ಲಿ ಮೈಕ್ರೋಸಾಫ್ಟ್ ಅದನ್ನು ಮಾರುಕಟ್ಟೆಗೆ ತಂದಿತು. 2020ರ ಆವೃತ್ತಿಯಂತೂ ಹೊರಗೆ ಆ ಹೊತ್ತಿಗೆ ಇರುವ ಹವಾಮಾನವನ್ನೇ ಅಂತರ್ಜಾಲದಿಂದ ಎಳೆದುಕೊಂಡು ಪರದೆಯ ಮೇಲೆ ಹರಡುತ್ತದೆ. ಅಮೆರಿಕದ ವಿಮಾನಯಾನ ಆಡಳಿತವೂ ಇಂಥ ಸಾಧನಗಳನ್ನು ಅಲಕ್ಷಿಸಿಲ್ಲ. ಉಪಕರಣ ಹಾರಾಟದ ಪ್ರತ್ಯೇಕ ಅರ್ಹತೆ ಪಡೆಯುವವರಿಗೆ 1997ರಲ್ಲಿ 10 ಗಂಟೆಯ ಕಂಪ್ಯೂಟರ್ ಅಭ್ಯಾಸವನ್ನು ಲೆಕ್ಕಕ್ಕೆ ಹಿಡಿಯಲು ಒಪ್ಪಿತು. 2016ರಲ್ಲಿ ಉತ್ತಮ ದರ್ಜೆಯ ಸಾಧನಗಳಿಗೆ ಅದನ್ನು 20 ಗಂಟೆಗೆ ಏರಿಸಿತು. ಆದರೆ ಗಮನಿಸಿ: ಇದು ಮೋಡದೊಳಗೆ ಹೋಗಲು ಕಲಿಯುತ್ತಿರುವವರಿಗೆ ಕೊಟ್ಟ ಅನುಕೂಲ. ಮೋಡದೊಳಗೆ ಹೋಗಬಾರದವರು ಅಕಸ್ಮಾತ್ತಾಗಿ ಹೊಕ್ಕರೆ ಏನು ಗತಿ? ನನ್ನ ಚಿಂತೆ ಅವರದು.

ಈಗ ಎದುರು ವಾದವನ್ನೂ ಕೇಳೋಣ. ಪರದೆಯ ಮುಂದಿನ ಕುರ್ಚಿ ಅಲುಗಾಡುವುದಿಲ್ಲ, ಒಳಕಿವಿ ಸುಳ್ಳು ಹೇಳುವ ಸಂದರ್ಭವೇ ಅಲ್ಲಿಲ್ಲ, ಪ್ರಾಣಭಯವಿಲ್ಲ, ಬಿದ್ದರೆ ಒಂದು ಗುಂಡಿ ಒತ್ತಿ ಮತ್ತೆ ಎದ್ದು ಹಾರಬಹುದು. ಇದರಿಂದ ಬರುವುದು ವಿದ್ಯೆಯಲ್ಲ, ಹುಸಿ ಧೈರ್ಯ ಎನ್ನುತ್ತಾರೆ. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ, ಏಕೆಂದರೆ ನನ್ನ ಬಿ.ಇಡ್. ದಿನಗಳಲ್ಲಿ ಇದರ ರುಚಿಯನ್ನು ನಾನೇ ಉಂಡಿದ್ದೇನೆ. ನಮಗೆ ಸೂಕ್ಷ್ಮ ಬೋಧನೆ ಎಂಬ ಅಭ್ಯಾಸವಿತ್ತು. ಸಹಪಾಠಿಗಳೇ ಮಕ್ಕಳಂತೆ ಬೆಂಚಿನಲ್ಲಿ ಕುಳಿತುಕೊಳ್ಳುವುದು. ನಾವು ಐದಾರು ನಿಮಿಷ ಪಾಠ ಮಾಡುವುದು. ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆ ಬಳಸುವ ಕೌಶಲ ಎಂದು ಒಂದೊಂದನ್ನೇ ಬಿಡಿಯಾಗಿ ತಿದ್ದಿಕೊಳ್ಳುವುದು. ಟೀಕೆ ಕೇಳಿ ಪುನಃ ಮಾಡುವುದು. ನಾನು ಅದರಲ್ಲಿ ಒಳ್ಳೆಯ ಅಂಕ ಪಡೆದವನು. ಮೊದಲ ನೇಮಕಾತಿಯ ಮೊದಲ ದಿನ ಎಂಟನೇ ತರಗತಿಯ ಅರವತ್ತು ಹುಡುಗರ ಎದುರು ನಿಂತಾಗ ಆ ಐದು ನಿಮಿಷದ ಶೂರತನ ಎಲ್ಲಿ ಹೋಯಿತೋ ಕಾಣೆ. ಸಹಪಾಠಿಗಳು ಸರಿಯುತ್ತರ ಹೇಳುವ ಮಕ್ಕಳಾಗಿ ನಟಿಸುತ್ತಿದ್ದರು. ನಿಜವಾದ ಮಕ್ಕಳು ಪ್ರಶ್ನೆಗೆ ಪ್ರಶ್ನೆಯನ್ನೇ ಹಾಕಿದರು, ಒಬ್ಬನಂತೂ ಕಿಟಕಿಯಿಂದ ಹೊರಗೆ ಹಾರಿದ.

ಆದರೂ ಆ ಅಭ್ಯಾಸ ವ್ಯರ್ಥವಾಯಿತೆನ್ನಲಾರೆ. ಗಾಬರಿಯಲ್ಲಿ ತಲೆ ಖಾಲಿಯಾದಾಗ ಕೈ ತಾನಾಗಿಯೇ ಸೀಮೆಸುಣ್ಣ ತೆಗೆದುಕೊಂಡು ಪಾಠದ ಹೆಸರು ಬರೆಯಿತು. ತಿರುಗಿ ನೋಡುವಷ್ಟರಲ್ಲಿ ಉಸಿರು ಹತೋಟಿಗೆ ಬಂದಿತ್ತು. ಅಭ್ಯಾಸ ನನಗೆ ಕೊಟ್ಟದ್ದು ಆ ಅರ್ಧ ನಿಮಿಷವನ್ನು ಮಾತ್ರ. ಮೋಡದೊಳಗೆ ಅರ್ಧ ನಿಮಿಷವೆಂದರೆ ಸಣ್ಣ ಸಂಗತಿಯಲ್ಲ.

1954ರ ಪ್ರಯೋಗದ ದ್ವಿತೀಯಾರ್ಧವನ್ನು ಅನೇಕರು ಹೇಳುವುದೇ ಇಲ್ಲ. 178ರ ಭಯಾನಕತೆಯಲ್ಲಿ ಅದು ಮುಚ್ಚಿಹೋಗಿದೆ. ಅದೇ ಜನರಿಗೆ ಒಂದು ಸರಳ ಕ್ರಮವನ್ನು ಕಲಿಸಿದರು: ಕೈಯನ್ನು ಚುಕ್ಕಾಣಿಯಿಂದ ತೆಗೆದು, ಎಂಜಿನ್ನಿನ ಶಕ್ತಿ ತಗ್ಗಿಸಿ, ಕಾಲಿನಿಂದ ರಡ್ಡರ್ ಒತ್ತುತ್ತ, ಬಂದ ದಿಕ್ಕಿಗೇ ನಿಧಾನವಾಗಿ ತಿರುಗಿ, ಮೋಡದಿಂದ ಹೊರಬರುವುದು. ಕೆಲವೇ ಗಂಟೆಗಳ ಅಭ್ಯಾಸದ ನಂತರ ನಡೆಸಿದ 60 ಪರೀಕ್ಷೆಗಳಲ್ಲಿ 59 ಯಶಸ್ವಿಯಾದವು. ವಿದ್ಯಾರ್ಥಿಗಳು ಅವರೇ, ವಿಮಾನವೂ ಅದೇ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನನಗೆ ಈ ಫಲಿತಾಂಶ ನಿದ್ದೆಗೆಡಿಸುವಷ್ಟು ಸಂತೋಷ ಕೊಟ್ಟಿತು. ಕುಶಲ ವೈಮಾನಿಕರನ್ನಾಗಿ ಅವರನ್ನು ಯಾರೂ ಮಾಡಲಿಲ್ಲ; ಹಿಂದಿರುಗುವುದನ್ನು ಕಲಿಸಿದರು.

ಹಿಂದಿರುಗಬೇಕೆಂದು ಮನಸ್ಸಿಗೆ ಹೊಳೆಯಬೇಕಲ್ಲ! ಅದೇ ಕಷ್ಟ. "ಇನ್ನೇನು ಬಂದೇಬಿಟ್ಟಿತು" ಎಂಬ ನಮ್ಮ ಮಾತಿದೆಯಲ್ಲ, ಅದು ಎಷ್ಟೋ ಜೀವಗಳನ್ನು ತಿಂದಿದೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೇವಿಡ್ ಒ'ಹೇರ್ ಈ ಮನಃಸ್ಥಿತಿಯನ್ನು ಬಹುಕಾಲ ಅಭ್ಯಸಿಸಿದರು. ಅವರೂ ಮಾರ್ಕ್ ವಿಗಿನ್ಸ್ ಅವರೂ ಕೂಡಿ, ಹವಾಮಾನ ಕೆಡುತ್ತಿರುವ ಸೂಚನೆಗಳನ್ನು ಗುರುತಿಸಲು ಕಲಿಸುವ ಕಂಪ್ಯೂಟರ್ ಪಾಠವೊಂದನ್ನು ರಚಿಸಿ, ಅದರ ಪರಿಣಾಮವನ್ನು 2003ರಲ್ಲಿ ಪ್ರಕಟಿಸಿದರು. ಮೋಡದ ತಳ ತಗ್ಗುತ್ತಿದೆಯೇ, ದೂರದ ಗುಡ್ಡದ ಅಂಚು ಮಸಕಾಗುತ್ತಿದೆಯೇ ಎಂಬಂಥ ಸಣ್ಣ ಸಣ್ಣ ಗುರುತುಗಳು. ನನ್ನ ದೃಷ್ಟಿಯಲ್ಲಿ ಕಂಪ್ಯೂಟರಿನ ನಿಜವಾದ ಉಪಯೋಗ ಇಲ್ಲಿದೆ. ಸಿಡಿಲು ಗುಡುಗಿನ ಬಿರುಗಾಳಿಯನ್ನು ತೋರಿಸಿ ಹೆದರಿಸುವುದರಿಂದ ಹೆಚ್ಚಿನ ಲಾಭವಿಲ್ಲ. ಸಿಡಿಲಿನೊಳಗೆ ಬುದ್ಧಿಯಿದ್ದವರು ಯಾರೂ ನುಗ್ಗುವುದಿಲ್ಲ. ಕೊಲ್ಲುವುದು ಮೆಲ್ಲಗೆ ಕವಿಯುವ ಮಬ್ಬು. ಅದನ್ನು ಬೇಕೆಂದಾಗ, ಬೇಕಾದಷ್ಟು ನಿಧಾನವಾಗಿ, ಅಪಾಯವಿಲ್ಲದೆ ಕವಿಸಬಲ್ಲ ಉಪಾಧ್ಯಾಯ ಕಂಪ್ಯೂಟರೊಂದೇ. ನಿಜವಾದ ವಿಮಾನದಲ್ಲಿ ಅಂಥ ದಿನಕ್ಕಾಗಿ ಕಾಯಬೇಕು, ಬಂದರೆ ಹಾರಬಾರದು.

ಜಾನ್ ಎಫ್. ಕೆನಡಿ ಜೂನಿಯರ್ ಅವರ ಸಾವು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 1999ರ ಜುಲೈ 16ರ ರಾತ್ರಿ, 38ರ ಹರೆಯ, ಜೊತೆಯಲ್ಲಿ ಹೆಂಡತಿ ಮತ್ತು ಹೆಂಡತಿಯ ಅಕ್ಕ. ಸಮುದ್ರದ ಮೇಲೆ ಮಬ್ಬು, ಚಂದ್ರನ ಬೆಳಕು ಸಾಲದ ಕತ್ತಲೆ. ಬಿರುಗಾಳಿಯಿರಲಿಲ್ಲ, ಮಳೆಯಿರಲಿಲ್ಲ. ದಿಗಂತವಿರಲಿಲ್ಲ, ಅಷ್ಟೆ. ದಿಕ್ಕು ತಪ್ಪಿ ವಿಮಾನದ ಹತೋಟಿ ಕಳೆದುಕೊಂಡರೆಂದು ತನಿಖೆ ಹೇಳಿತು. ಅವರು ಉಪಕರಣ ಹಾರಾಟದ ತರಬೇತಿಯನ್ನು ಅರ್ಧದಷ್ಟು ಮುಗಿಸಿದ್ದವರು ಎಂಬುದನ್ನೂ ನಾನು ಮುಚ್ಚಿಡಬಾರದು. ಅರ್ಧ ಕಲಿತದ್ದು ಕಾಪಾಡಲಿಲ್ಲ. ಕಾಲಕಾಲಕ್ಕೆ ಮಾಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇದು ಹವ್ಯಾಸಿಗಳ ರೋಗ ಮಾತ್ರವೆಂದೂ ತಿಳಿಯಬೇಡಿ. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಅವರಿದ್ದ ಹೆಲಿಕಾಪ್ಟರ್ ಬಿದ್ದಾಗಲೂ, ಹಠಾತ್ತನೆ ಬದಲಾದ ಹವಾಮಾನದಲ್ಲಿ ಮೋಡ ಹೊಕ್ಕು ಪೈಲಟ್‌ಗೆ ದಿಕ್ಕು ತಪ್ಪಿದ್ದೇ ಕಾರಣವೆಂದು ವಿಚಾರಣಾ ಸಮಿತಿ ಕಂಡುಕೊಂಡಿತು. ಬದುಕುಳಿದಿದ್ದ ಒಬ್ಬರೇ ಒಬ್ಬರು, ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್, ಒಂದು ವಾರದ ನಂತರ ನಮ್ಮ ಬೆಂಗಳೂರಿನಲ್ಲಿ ತೀರಿಕೊಂಡರು. ಸಾಧಾರಣ ವಿದ್ಯಾರ್ಥಿಗಳಿಗೆ ಧೈರ್ಯ ತುಂಬಿ ತಾವು ಓದಿದ ಶಾಲೆಗೆ ಅವರು ಬರೆದಿದ್ದ ಪತ್ರವನ್ನು ಓದಿ ಅಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಕೋಬಿ ಬ್ರಯಾಂಟ್ ಎಂಬ ಬಾಸ್ಕೆಟ್‌ಬಾಲ್ ಆಟಗಾರ 2020ರ ಜನವರಿಯಲ್ಲಿ ಮಗಳೊಂದಿಗೆ ಸತ್ತದ್ದೂ ಇಂಥದೇ ಮೋಡದಲ್ಲಿ. ಆ ಅಪಘಾತದ ತನಿಖೆ ಮುಗಿಸಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ದಿಕ್ಕು ತಪ್ಪುವ ಅನುಭವವನ್ನು ಕೃತಕವಾಗಿ ಉಂಟುಮಾಡುವ ಯಾವ ಯಂತ್ರ ತರಬೇತಿಗೆ ಹೆಚ್ಚು ಪರಿಣಾಮಕಾರಿಯೆಂದು ತಜ್ಞರ ತಂಡದಿಂದ ಪರಿಶೀಲಿಸಬೇಕೆಂದು 2021ರಲ್ಲಿ ಶಿಫಾರಸು ಮಾಡಿತು. ಎಂದರೆ ದೊಡ್ಡವರೂ ನನ್ನ ಕಡೆಗೇ ಇದ್ದಾರೆ! ಮುಖ್ಯೋಪಾಧ್ಯಾಯರ ಕುರ್ಚಿಯನ್ನು ಮರೆಯಬೇಡಿರೆಂದು ಅವರಿಗೆ ಸೂಚಿಸುವ ಆಸೆಯಾಗುತ್ತದೆ: ಕಂಪ್ಯೂಟರಿನ ಮುಂದೆ ಎಂಟು ಗಂಟೆ, ತಿರುಗುವ ಕುರ್ಚಿಯಲ್ಲಿ ಎಂಟು ನಿಮಿಷ. ಮೊದಲನೆಯದು ಕೈಗೆ, ಎರಡನೆಯದು ಅಹಂಕಾರಕ್ಕೆ.

ಅಂದು ಸಂಜೆ ಕಾಫಿಯ ಹೊತ್ತಿಗೆ ಆತ ಇನ್ನೊಂದು ಸಂಗತಿ ಹೇಳಿದ. ತನ್ನ ತಂದೆಗೂ ಹೇಳಿರಲಿಲ್ಲವಂತೆ. ಒಂದು ಭಾನುವಾರ ಹೆಂಡತಿ ಮಗಳೊಂದಿಗೆ ಹಿಂದಿರುಗುವಾಗ ಮೋಡದ ತಳ ಸ್ವಲ್ಪ ಸ್ವಲ್ಪವಾಗಿ ತಗ್ಗಿತು. ಮನೆಗೆ ಇನ್ನಿಪ್ಪತ್ತು ಮೈಲಿ. ಮಗಳಿಗೆ ಮರುದಿನ ಶಾಲೆ. ಸ್ವಲ್ಪ ಕೆಳಗಿಳಿದು ಹಾರಿದರಾಯಿತು ಎಂದುಕೊಂಡನಂತೆ. "ಹಾಗೆ ಅಂದುಕೊಂಡ ಕೂಡಲೇ ನೆನಪಾಯಿತು ಸರ್, ಇದೇ ಮಾತು ಅಂದುಕೊಂಡು ಕಂಪ್ಯೂಟರಿನಲ್ಲಿ ಏಳು ಸಲ ಸತ್ತಿದ್ದೇನೆ ಅಂತ." ತಿರುಗಿಸಿದ. ಹಿಂದೆ ದಾಟಿಬಂದಿದ್ದ ಸಣ್ಣ ನಿಲ್ದಾಣವೊಂದರಲ್ಲಿ ಇಳಿದು, ಬಾಡಿಗೆ ಕಾರು ಹಿಡಿದು, ರಾತ್ರಿ ಹನ್ನೊಂದಕ್ಕೆ ಮನೆ ಸೇರಿದರಂತೆ. ಮಗಳು ಹಿಂದಿನ ಸೀಟಿನಲ್ಲಿ ದಾರಿಯುದ್ದಕ್ಕೂ ಗೊಣಗಿದಳಂತೆ. ಒಳಗಿದ್ದ ನನ್ನ ಹೆಂಡತಿ ಇದನ್ನು ಕೇಳಿಸಿಕೊಂಡು ಹೊರಬಂದು, "ಏಳು ಸಲ ಸಾಯುವ ಆಟವನ್ನು ಯಾಕಪ್ಪ ಆಡ್ತೀಯ?" ಎಂದು ಕೇಳಿದಳು. ಆತ ನಕ್ಕು ಇನ್ನೊಂದು ಕೋಡುಬಳೆ ತೆಗೆದುಕೊಂಡ.

ಮುಂದಿನ ಬೇಸಿಗೆಯಲ್ಲಿ ಅಮೆರಿಕಕ್ಕೆ ಬರಬೇಕೆಂದೂ, ಇಲಿನಾಯ್ ಹೊಲಗಳ ಮೇಲೆ ಒಂದು ಸುತ್ತು ಹಾರಿಸುವೆನೆಂದೂ ನಮ್ಮಿಬ್ಬರಿಗೂ ಆಹ್ವಾನವಿದೆ. ಬರುವ ದಿನ ಮೋಡವಿದ್ದರೆ ಏನು ಮಾಡುತ್ತೀಯ ಎಂದು ಪತ್ರದಲ್ಲಿ ಕೇಳಿದ್ದೆ. ಒಂದೇ ಸಾಲಿನ ಉತ್ತರ ಬಂದಿದೆ: "ಮನೆಯಲ್ಲೇ ಕೂತು ಚಿತ್ರಾನ್ನ ತಿನ್ನೋಣ ಸರ್."